ಟೆಕ್ಸಾಸ್‌ನಲ್ಲಿ ಮನೆಯಲ್ಲೇ ಸಾಲಿ: ನಮ್ಮ ಕಡೆಯಿಂದ ಹೊಸದಾಗಿ ಬಂದವರಿಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಡಾಲಸ್‌ಗೆ ಹೊಸದಾಗಿ ಬಂದವರು ನನಗೆ ಪದೇ ಪದೇ ಕೇಳುವ ಪ್ರಶ್ನೆ ಇದು: "ಅಕ್ಕಾರ, ಹುಡುಗರನ್ನ ಸಾಲಿ ಬಿಡ್ಸಿ ಮನ್ಯಾಗ ಕಲಿಸಿದ್ರ ಇಲ್ಲಿ ಏನರ ಕೇಸ್ ಆಗ್ತದೇನ್ರಿ?"

ಆಗುವುದಿಲ್ಲ. ಹೋಮ್‌ಸ್ಕೂಲ್ ಕೂಡ ಖಾಸಗಿ ಶಾಲೆಯೇ ಎಂದು ಟೆಕ್ಸಾಸ್ ಸುಪ್ರೀಂ ಕೋರ್ಟ್ 1994ರಲ್ಲೇ ತೀರ್ಪು ಕೊಟ್ಟಿದೆ. ಎಲ್ಲೂ ಹೆಸರು ನೋಂದಾಯಿಸಬೇಕಿಲ್ಲ. ನೀವು ಬಿ.ಎಡ್. ಮಾಡಿರಬೇಕು ಅಂತಿಲ್ಲ, ಸರ್ಕಾರದ ಪರೀಕ್ಷೆ ಇಲ್ಲ, ವರ್ಷಕ್ಕೆ ಇಷ್ಟು ದಿನ ಅಂತ ಲೆಕ್ಕವೂ ಇಲ್ಲ. ಕಲಿಸುವ ಪಠ್ಯವು ಪುಸ್ತಕದಲ್ಲೋ ಸ್ಕ್ರೀನ್ ಮೇಲೋ ಕಣ್ಣಿಗೆ ಕಾಣುವ ಹಾಗಿರಬೇಕು. ಓದು, ಸ್ಪೆಲ್ಲಿಂಗ್, ವ್ಯಾಕರಣ, ಗಣಿತ, ಪೌರನೀತಿ ಈ ಐದು ಇರಲೇಬೇಕು. ತೋರಿಕೆಗಲ್ಲ, ನಿಜವಾಗಿ ಕಲಿಸಬೇಕು. ಅಷ್ಟೇ.

ಆದರೆ ಮಗು ಈಗಾಗಲೇ ಸರ್ಕಾರಿ ಶಾಲೆಗೆ ಹೋಗುತ್ತಿದ್ದರೆ ಸುಮ್ನೆ ಕಳಿಸುವುದನ್ನು ನಿಲ್ಲಿಸಬೇಡಿ. ನಮ್ಮ ಮಗನನ್ನು ಬಿಡಿಸುವಾಗ ನಾವು ಎಡವಿದ್ದು ಇಲ್ಲೇ. ಡಿಸೆಂಬರ್‌ನಲ್ಲಿ ಊರಿಗೆ ಹೋದೆವು. ಬಂದ ಮೇಲೆ ಶಾಲೆಗೆ ಹೇಳಿದರಾಯಿತು ಅಂದುಕೊಂಡಿದ್ದೆವು. ಎಳ್ಳ ಅಮಾಸಿ ದಿನ ಹೊಲದಲ್ಲಿ ಚರಗ ಚೆಲ್ಲುತ್ತಿದ್ದಾಗ ಫೋನಿಗೆ ಗೈರುಹಾಜರಿಯ ಮೆಸೇಜ್ ಬಂತು. ಆರು ತಿಂಗಳೊಳಗೆ 10 ದಿನ, ಅಥವಾ ಆ ದಿನಗಳ ಒಂದೊಂದು ಭಾಗವಾದರೂ, ಕಾರಣವಿಲ್ಲದೆ ತಪ್ಪಿದರೆ ವಿಷಯ ಕೋರ್ಟಿನವರೆಗೆ ಹೋಗಬಹುದು. ತಂದೆತಾಯಿಗೆ ದಂಡವೂ ಬೀಳಬಹುದು. ಆ ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ. ಪತ್ರ ಕಳಿಸಿದ ಮೇಲೆ ಸರಿಹೋಯಿತು, ಆದರೆ ಆ ಭಯ ನಿಮಗೆ ಬೇಡ.

ಪತ್ರ ಉದ್ದ ಇರಬೇಕಿಲ್ಲ. ಮಗುವಿನ ಹೆಸರು, ತರಗತಿ, ಯಾವ ತಾರೀಖಿನಿಂದ ಶಾಲೆ ಬಿಡಿಸಿ ಮನೆಯಲ್ಲಿ ಕಲಿಸುತ್ತೀರಿ, ಆ ಐದು ವಿಷಯ ನಿಮ್ಮ ಪಠ್ಯದಲ್ಲಿವೆ ಅನ್ನುವ ಒಂದು ಸಾಲು. ಕೆಳಗೆ ಸಹಿ, ತಾರೀಖು. ಪ್ರಿನ್ಸಿಪಾಲರಿಗೆ ಇಮೇಲ್ ಮಾಡಿ, ಒಂದು ಪ್ರತಿ ನೀವಿಟ್ಟುಕೊಳ್ಳಿ. ಕೆಲವು ಕಡೆ "ಆಫೀಸಿಗೆ ಬಂದು ಫಾರ್ಮ್ ತುಂಬಿ, ಪುಸ್ತಕ ತೋರಿಸಿ" ಅನ್ನುತ್ತಾರೆ. ಸಹಿ, ತಾರೀಖು ಇರುವ ಪತ್ರ ಸಾಕು ಎಂದು ರಾಜ್ಯದ ಶಿಕ್ಷಣ ಇಲಾಖೆಯೇ ಹೇಳಿದೆ ಅಂತ ಸಮಾಧಾನದಿಂದ ತಿಳಿಸಿ. ಜಗಳ ಬೇಡ. ಪತ್ರದಲ್ಲಿರುವ ತಾರೀಖಿನವರೆಗೆ ಮಗು ಶಾಲೆಗೆ ಹೋಗಲಿ. ಇನ್ನೂ ಯಾವ ಶಾಲೆಗೂ ಸೇರಿಸಿಲ್ಲ ಅಂದರೆ ಈ ಪತ್ರವೂ ಬೇಕಿಲ್ಲ.

ಇನ್ನು ಮನೆಯವರ ಮಾತು. ನನ್ನ ಮಾವ ನಿವೃತ್ತ ಮಾಸ್ತರ. ವಿಷಯ ಕೇಳಿದ್ದೇ ತಡ, "ಸಾಲಿ ಬಿಡ್ಸಿ ಹುಡುಗನ್ನ ಏನ್ ಮಾಡವ್ರು ಅದೀರಿ?" ಅಂತ ಸಿಟ್ಟಾದರು. ವಾದ ಮಾಡದೆ ಒಂದು ಕೆಲಸ ಕೇಳಿಕೊಂಡೆವು: ವಾರಕ್ಕೆ ಮೂರು ದಿನ ವಿಡಿಯೋ ಕಾಲ್‌ನಲ್ಲಿ ಕನ್ನಡ ಕಲಿಸಿ ಅಂತ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಪುಕ್ಕಟೆ ಡೌನ್‌ಲೋಡ್ ಆಗುತ್ತವೆ. ಅವರು ಅಲ್ಲಿ ಪುಸ್ತಕ ಹಿಡಿದು ಕೂರುತ್ತಾರೆ, ಮಗ ಇಲ್ಲಿ.

ಮರುವರ್ಷ ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆಗೆ ಹೋದಾಗ ಅಜ್ಜ ಮೊಮ್ಮಗ ಇಬ್ಬರೂ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಗೋಳಗುಮ್ಮಟ ಹತ್ತಿದರು. ಆಗ ಗದ್ದಲ ಇರುವುದಿಲ್ಲ. ಅಜ್ಜ ಒಂದು ಕಡೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರು, ಇವನು ಎದುರು ಬದಿಯಲ್ಲಿ ಗೋಡೆಗೆ ಕಿವಿ ಕೊಟ್ಟು ನಿಂತಿದ್ದ. ಆಮೇಲೆ ಅಲ್ಲೇ ಕೂತು ವಹಿಯಲ್ಲಿ ಲೆಕ್ಕ: ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಹಾಗಾದರೆ ನೇರ ದಾಟಲು ಎಷ್ಟು ಹೊತ್ತು? ಸೆಕೆಂಡಿನ ಒಂಬತ್ತನೇ ಒಂದು ಭಾಗ. ಮಾಸ್ತರು ಕೆಂಪು ಪೆನ್ನಿನಿಂದ ರೈಟ್ ಹಾಕಿ ಕೆಳಗೆ ತಾರೀಖು ಬರೆದರು. ಆ ಹಾಳೆ ನಮ್ಮ ಫೈಲಿನಲ್ಲಿದೆ. ಇಲ್ಲಿನ ಕಾನೂನು ಫೈಲ್ ಕೇಳುವುದಿಲ್ಲ. ಆದರೂ ಇಡಿ. ಮತ್ತೆ ಶಾಲೆಗೆ ಸೇರಿಸುವಾಗ ಯಾವ ತರಗತಿ ಅಂತ ತೀರ್ಮಾನಿಸಲು ಅದು ನೆರವಾಗುತ್ತದೆ.

ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾದ ಮೇಲೆ ಅವಲಂಬಿತರಾಗಿ ಬಂದಿರುವ ತಂಗಿಯರಿಗೆ ಒಂದು ಮಾತು. ನಿಮ್ಮ ಮಕ್ಕಳಿಗೆ ನೀವು ಕಲಿಸುವುದು ನೌಕರಿಯಲ್ಲ. ಆದರೆ ಕೆಲಸದ ಪರವಾನಗಿ ಇಲ್ಲದೆ ನೆರೆಮನೆಯ ಮಕ್ಕಳನ್ನೂ ಕೂರಿಸಿಕೊಂಡು ದುಡ್ಡು ತಗೊಂಡರೆ ಅದು ನೌಕರಿ. ವೀಸಾಕ್ಕೇ ಕುತ್ತು ಬರುತ್ತದೆ, ದಯವಿಟ್ಟು ಬೇಡ.

ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೊರಟರೆ ಅಲ್ಲೂ ಇದೆಲ್ಲ ಹೀಗೇ ನಡೆಯುತ್ತದೆ ಅಂತಿಲ್ಲ. ನ್ಯೂಯಾರ್ಕ್‌ನಲ್ಲಿ ಪ್ರತಿ ವರ್ಷ ಮೊದಲೇ ತಿಳಿಸಬೇಕು, ಪಾಠದ ಯೋಜನೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ವರದಿ ಕಳಿಸಬೇಕು. ಜರ್ಮನಿಗೆ ವರ್ಗವಾದರಂತೂ ಶಾಲೆಗೆ ಕಳಿಸಲೇಬೇಕು. ಊರಿಗೇ ವಾಪಸ್ ಹೋಗುವವರಿಗೆ ಎನ್ಐಒಎಸ್ (ಭಾರತದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಇದೆ. 14 ತುಂಬಿದ ಮಗು ಶಾಲೆಗೆ ಹೋಗದೆಯೂ ಅದರಲ್ಲಿ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು.

ಪತ್ರ ಕಳಿಸುವ ಮುಂಚೆ ಶಾಲೆಯಿಂದ ಹಳೆಯ ರಿಪೋರ್ಟ್ ಕಾರ್ಡ್, ಲಸಿಕೆಯ ದಾಖಲೆಯ ಪ್ರತಿ ತಗೊಂಡುಬಿಡಿ. ಪತ್ರ ಬರೆದ ಮೇಲೆ ಅನುಮಾನ ಇದ್ದರೆ ನನಗೊಮ್ಮೆ ತೋರಿಸಿ, ಓದಿ ಹೇಳುತ್ತೇನೆ.