ಕಾರಿನ ಪೇಂಟಿನ ಗಟ್ಟಿಯಿಂದ ನಾನು ಪೆಂಡೆಂಟ್ ಮಾಡಿದ್ದು

ಮೊದಲ ತುಂಡು ಕೈಗೆ ಬಂದಾಗ ಅದು ಅಂಗೈ ಅಗಲದ, ಬೂದು ಬಣ್ಣದ ಒರಟು ಗಟ್ಟಿ. ಪಕ್ಕಕ್ಕೆ ತಿರುಗಿಸಿದೆ. ಚಿರೋಟಿ ಮುರಿದಾಗ ಕಾಣುವ ಪದರಗಳ ಹಾಗೆ ಕೆಂಪು, ಬಿಳಿ, ನೀಲಿ, ಮತ್ತೆ ಕೆಂಪು! ನಾವಿರೋದು ಅಮೆರಿಕದ ಕಾರು ಕಾರ್ಖಾನೆಗಳ ಊರು ಡೆಟ್ರಾಯಿಟ್ ಹತ್ತಿರ. ಇಲ್ಲಿ ಇದಕ್ಕೆ ಫೋರ್ಡೈಟ್ ಅಂತಾರೆ, ಡೆಟ್ರಾಯಿಟ್ ಅಗೇಟ್ ಅಂತಲೂ ಹೇಳ್ತಾರೆ. ಅಗೇಟ್ ಅಂದರೆ ಪಟ್ಟೆ ಪಟ್ಟೆಯ ಒಂದು ಕಲ್ಲು. ಹೆಸರು ಅಗೇಟ್ ಆದರೂ ಇದು ಕಲ್ಲಲ್ಲ, ಕಾರಿನ ಪೇಂಟು.

ಹಿಂದೆ ಕಾರ್ಖಾನೆಗಳಲ್ಲಿ ಕಾರಿಗೆ ಕೈಯಲ್ಲೇ ಸ್ಪ್ರೇ ಹೊಡೆಯುತ್ತಿದ್ದರು. ಹಾರಿದ ಬಣ್ಣ ಸುತ್ತಲಿನ ಹಳಿ, ಸ್ಟ್ಯಾಂಡುಗಳ ಮೇಲೆ ಕೂರುತ್ತಿತ್ತು. ಕಾರಿನ ಜೊತೆ ಅವೂ ಓವನ್ನಿಗೆ ಹೋಗಿ ಬರುತ್ತಿದ್ದವು. ಹೀಗೆ ಪದರದ ಮೇಲೆ ಪದರ ಬೆಂದು ಗಟ್ಟಿಯಾಗುತ್ತಿತ್ತು. ಕೆಲಸಕ್ಕೆ ಅಡ್ಡ ಬಂದಾಗ ಕೆತ್ತಿ ಬಿಸಾಡುತ್ತಿದ್ದರು. ಚೆಂದ ಕಂಡ ತುಂಡುಗಳನ್ನು ಕೆಲವು ಕೆಲಸಗಾರರು ಮನೆಗೆ ಒಯ್ದರು. ಅವರು ಇಟ್ಟುಕೊಂಡಿದ್ದರಿಂದಲೇ ಇವತ್ತು ನಮ್ಮ ಕೈಗೆ ಸಿಗುತ್ತಿದೆ. 1980ರ ದಶಕದ ಹೊತ್ತಿಗೆ ವಿದ್ಯುತ್ ಸೆಳೆತದಿಂದ ಬಣ್ಣವನ್ನು ಕಾರಿಗೇ ಅಂಟಿಸುವ ವಿಧಾನ ಬಂತು. ಅಷ್ಟೊಂದು ಬಣ್ಣ ಹಾರುವುದು ನಿಂತಿತು. ಅದಕ್ಕೇ ಹಳೇ ತುಂಡಿಗೆ ಗರಗಸ ಇಡುವಾಗ ಈಗಲೂ ನನ್ನ ಕೈ ಒಂದು ಕ್ಷಣ ತಡೆಯುತ್ತದೆ.

ಹೇಗೆ ಕೊಯ್ಯುತ್ತೀರಿ ಅನ್ನೋದೇ ಮುಖ್ಯ. ಪದರಕ್ಕೆ ಅಡ್ಡವಾಗಿ ಕೊಯ್ದರೆ ಪಟ್ಟೆ ಸೀರೆಯ ಹಾಗೆ ಗೆರೆ ಸಿಗುತ್ತದೆ. ಪದರದ ಗುಂಟ ಕೊಯ್ದು, ಮೇಲ್ಭಾಗವನ್ನು ಉಬ್ಬಾಗಿ ಉಜ್ಜಿದರೆ ರಂಗೋಲಿಯ ಸುತ್ತುಗಳ ಹಾಗೆ ಒಂದರೊಳಗೊಂದು ಬಣ್ಣ ಬರುತ್ತದೆ. ನನಗೆ ಎರಡನೆಯದೇ ಇಷ್ಟ.

ಉಜ್ಜುವುದು ನೀರಿನಲ್ಲೇ. 220ರ ಒರಟು ಸ್ಯಾಂಡ್ ಪೇಪರ್‌ನಿಂದ ಶುರು ಮಾಡಿ 400, 600, 1200, ಕೊನೆಗೆ 3000; ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ. ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಲೇಬೇಡಿ. ರೆಸ್ಪಿರೇಟರ್ (ಧೂಳು ಸೋಸುವ ಮುಖವಾಡ), ಕೈಗವಸು ಬೇಕೇ ಬೇಕು. ಅಡುಗೆಮನೆ ಸಿಂಕ್ ಹತ್ತಿರ ಈ ಕೆಲಸ ಬೇಡ. ಕೆಸರನ್ನು ಬಕೆಟ್‌ನಲ್ಲಿ ತಳಕ್ಕೆ ಕೂರಲು ಬಿಟ್ಟು, ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆಗೇ ಕೊಡುತ್ತೇನೆ.

ಮೊದಲ ತುಂಡಿನಲ್ಲಿ ನೆತ್ತಿಯ ಮೇಲೆ ಒಂದು ಹಸಿರು ಚುಕ್ಕೆ ಮೂಡಿತ್ತು, ಸಾಸಿವೆ ಕಾಳಿನಷ್ಟು. ಸ್ವಲ್ಪ ದೊಡ್ಡದಾಗಲಿ ಅಂತ ಇನ್ನೂ ನಾಲ್ಕು ಸಲ ಉಜ್ಜಿದೆ. ಒರೆಸಿ ನೋಡಿದರೆ ಹಸಿರು ಹೋಗಿ ಕೆಳಗಿನ ಪ್ರೈಮರ್‌ನ, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಅಡಿಪದರದ, ಬೂದಿ ಬಣ್ಣ. ಒಂದು ಪದರ ಅಂದರೆ ಅಷ್ಟೇ ತೆಳು. ತುಂಬಾ ಬೇಜಾರಾಯಿತು. ಆಮೇಲಿಂದ ಎರಡು ಸಲ ಉಜ್ಜಿದರೆ ಒಂದು ಸಲ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತೇನೆ. ಮೋಟಾರಿನಿಂದ ತಿರುಗುವ ಉಜ್ಜುವ ಚಕ್ರಕ್ಕೆ ಜಾಸ್ತಿ ಹೊತ್ತು ಒತ್ತುವುದಿಲ್ಲ, ಬಿಸಿಯಾದರೆ ಪೇಂಟು ಮೆತ್ತಗಾಗುತ್ತದೆ. ಕೊನೆಯ ಹೊಳಪಿಗೆ ಕಾರಿಗೆ ಹಾಕುವ ಪಾಲಿಶ್ಶೇ ಸಾಕು, ಈ ತುಂಡೂ ಕಾರಿನ ಬಣ್ಣವೇ ಅಲ್ವಾ. ಆಮೇಲೆ ಹಿಂಬದಿ ಮುಚ್ಚಿದ ಬೆಳ್ಳಿ ಕಟ್ಟಿನಲ್ಲಿ ಕೂರಿಸುತ್ತೇನೆ, ಮೈಗೆ ತಾಗದ ಹಾಗೆ.

ಈಗ ಮೇಜಿನ ಮೇಲೆ ಇನ್ನೊಂದು ಗಟ್ಟಿ ಇದೆ. ಅಂಚಿನಲ್ಲಿ ಕೂದಲೆಳೆಯಷ್ಟು ಕಿತ್ತಳೆ ಗೆರೆ ಕಾಣುತ್ತದೆ. ಅದು ಒಳಗೆ ಎಲ್ಲಿ ಬಾಗುತ್ತದೋ ನೋಡಬೇಕು. ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿದ್ದೇನೆ, ಇನ್ನೂ ಕೊಯ್ದಿಲ್ಲ.