650 ಪದಗಳ ಎಸ್ಸೆಯನ್ನು ಕೊನೆಗೆ ಬರೆಸಿದೆ

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳಿಗೆ ಎಸ್ಸೆ ಬರೆಯಲು ನೆರವಾಗುವುದು ನನ್ನ ಕೆಲಸ. ಎಲ್ಲರೂ ಕಾಮನ್ ಆ್ಯಪ್‌ನ (ಬಹಳ ಕಾಲೇಜುಗಳಿಗೆ ಒಂದೇ ಕಡೆಯಿಂದ ಹಾಕುವ ಅರ್ಜಿ) 650 ಪದಗಳ ಎಸ್ಸೆಯಿಂದಲೇ ಶುರು ಮಾಡಿಸುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟೆ. ಮೊದಲು ಚಟುವಟಿಕೆಗಳ ಪಟ್ಟಿ, ಆಮೇಲೆ ಯುಸಿ, ಅಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯ 350 ಪದಗಳ ಉತ್ತರಗಳು, ಅವೆಲ್ಲ ಮುಗಿದ ಮೇಲೆ ದೊಡ್ಡದು. ಇದೇ ಕೆಲಸ ಮಾಡುವ ಗೆಳೆಯರು ನಕ್ಕರು. "ಮದುವೆಗೆ ಮುಂಚೆ ಬೀಗರೂಟ ಹಾಕಿಸ್ತೀಯಾ" ಅಂದವರೂ ಇದ್ದಾರೆ. ಈ ಸಲ ನನ್ನ ಹತ್ತಿರ ಬರುವ ಹನ್ನೆರಡನೇ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು, ಬೇಗ ಅರ್ಜಿ ಹಾಕುವವರ ನವೆಂಬರ್ 1ರ ಗಡುವಿಗೆ ವಾರ ಮುಂಚೆಯೇ ಮುಗಿಸಿ ಕೂತಿದ್ದರು. ನಕ್ಕವರಲ್ಲಿ ಇಬ್ಬರು ಈಗ ಹೇಗೆ ಅಂತ ಕೇಳುತ್ತಿದ್ದಾರೆ.

ಹಿಂದೆ ಮಾದರಿ ಎಸ್ಸೆ ಓದಿಸಿ ನೋಡಿದ್ದೆ, ಕೆಲಸಕ್ಕೆ ಬರಲಿಲ್ಲ. ಓದಿದ ಮಾರನೇ ದಿನ ಅದೇ ಧಾಟಿ, ಅದೇ ನಾಟಕದ ಮೊದಲ ಸಾಲು. ಗೂಗಲ್ ಡಾಕ್ ಮನೆಯವರಿಗೆಲ್ಲ ಹಂಚಿದರಂತೂ ಮುಗಿಯಿತು. ಅಪ್ಪನದೊಂದು ಕಾಮೆಂಟ್, ಅಮ್ಮನದೊಂದು, ಹೋದ ವರ್ಷ ಕಾಲೇಜು ಸೇರಿದ ಕಸಿನ್‌ದು ಹತ್ತು. ಏಳೆಂಟನೇ ಡ್ರಾಫ್ಟ್ ಹೊತ್ತಿಗೆ ಬರೆದದ್ದು ಹದಿನೇಳರ ಹುಡುಗನೋ ನಲವತ್ತೈದರ ಮ್ಯಾನೇಜರೋ ಗೊತ್ತಾಗುವುದಿಲ್ಲ. ಆಗ ನಾನು ಪ್ಯಾಕೇಜ್ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಿದ್ದೆ, ಒಬ್ಬರಿಗೆ 1,200 ಡಾಲರ್ ಆಸುಪಾಸು, ಎಷ್ಟು ಡ್ರಾಫ್ಟ್ ಆದರೂ ಅಷ್ಟೇ. ಕೆಲವರ ವಿಷಯದಲ್ಲಿ ಗಂಟೆಗೆ 20 ಡಾಲರ್ ಕೂಡ ಗಿಟ್ಟಲಿಲ್ಲ. ಈಗ ಗಂಟೆಗೆ 90. ತಮಾಷೆ ಅಂದರೆ ಪೋಷಕರಿಗೂ ಒಟ್ಟು ಖರ್ಚು ಕಡಿಮೆಯೇ ಬೀಳುತ್ತಿದೆ, ಡ್ರಾಫ್ಟ್‌ಗಳೇ ಮೂರು ನಾಲ್ಕಕ್ಕೆ ಇಳಿದಿವೆಯಲ್ಲ.

ಪಟ್ಟಿಯಿಂದ ಯಾಕೆ ಶುರು ಅಂದರೆ, ಅಲ್ಲಿ ಹತ್ತೇ ಚಟುವಟಿಕೆ, ಒಂದೊಂದರ ವಿವರಣೆಗೆ 150 ಅಕ್ಷರ, ಖಾಲಿ ಜಾಗವೂ ಸೇರಿ. ಬುರುಡೆ ಬಿಡಲು ಜಾಗವೇ ಇಲ್ಲ. ಏನು ಮಾಡಿದೆ ಅಂತ ಹೇಳಲೇಬೇಕು. ಒಬ್ಬ ಹುಡುಗಿಯ ಪಟ್ಟಿಯಲ್ಲಿ ಎಂಟನೆಯದು ಲೈಬ್ರರಿ ಸೇವೆ. ಅಲ್ಲಿ ಕೈಯಲ್ಲಿ ಏನು ಹಿಡಿದಿರುತ್ತೀಯ ಅಂತ ಕೇಳಿದೆ. ಟೇಪ್, ಅಂದಳು. ಪುಟ್ಟ ಮಕ್ಕಳ ಪುಸ್ತಕದಲ್ಲಿ ಎತ್ತಿ ನೋಡುವ ಫ್ಲ್ಯಾಪ್‌ಗಳು ಇರುತ್ತವಲ್ಲ, ಅವು ಹರಿದಾಗ ಅಂಟಿಸುವುದು ಅವಳ ಕೆಲಸ. ಪ್ರಾಣಿ ಅಡಗಿರುವ ಫ್ಲ್ಯಾಪೇ ಮೊದಲು ಹರಿಯುತ್ತದೆ, ಕೊನೆಯ ಪುಟದ್ದು ಹೊಸದರ ಹಾಗೇ ಇರುತ್ತದೆ, ಯಾಕೆಂದರೆ ಅಲ್ಲಿವರೆಗೆ ಯಾರೂ ಕೂರುವುದಿಲ್ಲ. ಇಪ್ಪತ್ತು ನಿಮಿಷ ಬಿಡದೆ ಮಾತಾಡಿದಳು. ಅವರಪ್ಪ ಮಾತ್ರ ಕೆಂಡ. "ರಂಗಪ್ರವೇಶಕ್ಕೆ ಅಷ್ಟೊಂದು ಸುರಿದಿದ್ದೀವಿ ಸಾರ್, ಇವಳು ಟೇಪ್ ಹಚ್ಚೋದು ಬರೀತಾಳಾ?" ರಂಗಪ್ರವೇಶಕ್ಕೆ 150 ಅಕ್ಷರ ಸಾಕು ಅಂದೆ, ಸಾಕೂ ಆಯಿತು.

ಆಮೇಲೆ ಯುಸಿ. ಎಂಟು ಪ್ರಶ್ನೆ, ನಾಲ್ಕಕ್ಕೆ ಉತ್ತರ. ಯುಸಿಗೆ ಹಾಕದ ಮಕ್ಕಳಿಂದಲೂ ಬರೆಸುತ್ತೇನೆ. "ಹಾಕದ ಕಾಲೇಜಿಗೆ ಬರೆಸೋಕೂ ದುಡ್ಡಾ?" ಅಂತ ಒಬ್ಬ ತಾಯಿ ಕೇಳಿದರು. ನ್ಯಾಯವೇ. ಆದರೆ ನಾಲ್ಕರಲ್ಲಿ ಒಂದಕ್ಕೆ 350 ಸಾಲದೇ ಮಗು ಒದ್ದಾಡುತ್ತದೆ, 650ಕ್ಕೆ ಬೆಳೆಯುವುದು ಅದೇ. ಉಳಿದವು ವ್ಯರ್ಥವಾಗುವುದಿಲ್ಲ, ಒಂದು ಚಟುವಟಿಕೆಯ ಬಗ್ಗೆ ಇನ್ನಷ್ಟು ಹೇಳು ಅನ್ನುವ ಸಪ್ಲಿಮೆಂಟ್ (ಕಾಲೇಜು ತಾನೇ ಕೇಳುವ ಹೆಚ್ಚುವರಿ ಎಸ್ಸೆ) ಬಹಳ ಕಾಲೇಜುಗಳಲ್ಲಿ ಇದೆ. 350ರಿಂದ 650ಕ್ಕೆ ಹೋಗುವಾಗ ನಾನು ಕೇಳುವ ಎರಡು ಪ್ರಶ್ನೆಗಳಿವೆ. ಅವು ನನ್ನ ಹೊಟ್ಟೆಪಾಡು, ಇಲ್ಲಿ ಹೇಳುವುದಿಲ್ಲ.

ಮಧ್ಯೆ ಸುಮ್ನೆ ಒಂದು ಆಟ ಆಡಿದೆ. ಒಬ್ಬ ಹುಡುಗನ ಪಟ್ಟಿಯನ್ನು ಚಾಟ್‌ಜಿಪಿಟಿಗೆ ಕೊಟ್ಟು ಎಸ್ಸೆ ಬರೆಸಿ ಅವನ ಮುಂದಿಟ್ಟೆ. ಇದರಲ್ಲಿ ಇರುವ ಯಾವ ಮಾತೂ ನಿನ್ನ ಎಸ್ಸೆಯಲ್ಲಿ ಇರಬಾರದು ಅಂದೆ. ಎಐ ಬರೆದದ್ದನ್ನು ತನ್ನದು ಅಂತ ಕೊಟ್ಟರೆ ಕಾಮನ್ ಆ್ಯಪ್ ವಂಚನೆ ಅಂತಲೇ ಲೆಕ್ಕ ಹಾಕುತ್ತದೆ, ಅದು ಬೇರೆ ಮಾತು. ಅವನು ಓದಿ, "ಇದು ನಮ್ಮ ಕ್ಲಾಸಿನ ಯಾರದ್ದಾದ್ರೂ ಆಗಬಹುದು" ಅಂದ. ಅವತ್ತಿಂದ ಅವನಿಗೆ ನಾನು ಜಾಸ್ತಿ ಹೇಳಬೇಕಾಗಲಿಲ್ಲ. ಹೆಸರು ತೆಗೆದು ಗೆಳೆಯರಿಗೆ ಓದಿಸಿ ಯಾರು ಬರೆದದ್ದು ಅಂತ ಕೇಳುವುದನ್ನೂ ಮಾಡಿ ನೋಡಿದೆ. ಮಕ್ಕಳು ನಾಚಿಕೊಂಡರು, ಬಿಟ್ಟೆ.

ಯುಸಿ ಅರ್ಜಿಯೇ ಬೇರೆ, ಕಾಮನ್ ಆ್ಯಪ್ ಬೇರೆ. ಅದಕ್ಕೇ ಒಂದೇ ಕತೆ ಎರಡೂ ಕಡೆ ಹೋದರೆ ತೊಂದರೆ ಇಲ್ಲ. ಅದನ್ನೇ ಕಾಮನ್ ಆ್ಯಪ್‌ನ ಸಪ್ಲಿಮೆಂಟ್‌ಗೆ ಮಾತ್ರ ತುಂಬಬೇಡಿ, ಅಲ್ಲಿ ಎರಡೂ ಒಂದೇ ಕಾಲೇಜಿನವರ ಕೈಗೆ ಹೋಗುತ್ತವೆ.