ಕುರ್ಚಿಯ ಜೀವ ಹಿಂಗಾಲಿನ ಸಂದಿಯಲ್ಲಿ: ಕೈ ಹತಾರಗಳಿಂದ ಕುರ್ಚಿ ಮಾಡುವುದು ಹೇಗೆ?

ಅಟ್ಟ ಸೇರಿದ ಮುರುಕು ಕುರ್ಚಿಯೊಂದನ್ನು ಇಳಿಸಿ ನೋಡಿ. ಬಹುತೇಕ ಅದು ಬಿಟ್ಟುಕೊಂಡಿರುವುದು ಸೀಟಿನ ಬದಿಪಟ್ಟಿ ಹಿಂಗಾಲಿಗೆ ಸೇರುವ ಜಾಗದಲ್ಲೇ. ಕೂತವರು ಹಿಂದಕ್ಕೆ ಒರಗಿದಾಗಲೆಲ್ಲ ಬೆನ್ನಿನ ಭಾಗ ಸನ್ನೆಗೋಲಿನಂತೆ ಆ ಸಂದಿಯನ್ನು ಮೀಟುತ್ತದೆ. ಕುರ್ಚಿ ಕಲಿಯುವುದೆಂದರೆ ಮುಖ್ಯವಾಗಿ ಈ ಒಂದು ಸಂದಿಯನ್ನು ಸರಿಯಾಗಿ ಮಾಡಲು ಕಲಿಯುವುದು.

ಮರ ಮತ್ತು ಅಳತೆ

ತೇಗ, ಹಲಸು, ಹೊನ್ನೆ ಮೂರೂ ಆಗುತ್ತವೆ. ತೇಗ ಉಳಿಗೆ ಹಿತವಾಗಿ ಸಿಗುತ್ತದೆ, ಆದರೆ ಅದರೊಳಗಿನ ಸಿಲಿಕಾ ಉಳಿಯ ಬಾಯನ್ನು ಬೇಗ ಮೊಂಡು ಮಾಡುತ್ತದೆ. ಸಾಣೆಕಲ್ಲು ಕೈಗೆಟುಕುವಲ್ಲೇ ಇರಲಿ. ಯಾವ ಮರವಾದರೂ ಚೇಗು, ಅಂದರೆ ನಡುವಿನ ಗಟ್ಟಿ ಭಾಗ ಮಾತ್ರ ಬಳಸಿ. ಹೊರಗಿನ ಬಿಳಿ ಭಾಗಕ್ಕೆ ಹುಳು ಬೀಳುತ್ತದೆ. ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕು ಎಂಬ ಬಡಗಿಗಳ ಲೆಕ್ಕವನ್ನು ಕಡೆಗಣಿಸಬೇಡಿ. ಹಸಿ ಮರದಲ್ಲಿ ಬಿಗಿಯಾಗಿ ಕೂತ ಸಂದಿ ಒಣಗಿದ ಮೇಲೆ ಸಡಿಲವಾಗುತ್ತದೆ.

ಮುಂಗಾಲು ಎರಡು: 1½ ಇಂಚು ಚೌಕ, 18 ಇಂಚು ಉದ್ದ. ಹಿಂಗಾಲು ಎರಡು: 36 ಇಂಚು ಉದ್ದ, 4 ಇಂಚು ಅಗಲ, 1½ ಇಂಚು ದಪ್ಪದ ಹಲಗೆಯಿಂದ ಬಾಗು ಕೊಟ್ಟು ಕೊಯ್ದದ್ದು. ಸೀಟಿನ ಸುತ್ತಿನ ನಾಲ್ಕು ಪಟ್ಟಿಗಳು 2½ ಇಂಚು ಅಗಲ, 1 ಇಂಚು ದಪ್ಪ. ಕೆಳಗೆ ನೆಲದಿಂದ 5 ಇಂಚು ಮೇಲೆ ಬದಿಗೊಂದರಂತೆ ತೆಳು ಅಡ್ಡೆ, ಬೆನ್ನಿಗೆ ಎರಡು ಅಡ್ಡಪಟ್ಟಿ. ಕೆಳಗಿನ ಅಡ್ಡೆ ಬರೀ ಅಂದಕ್ಕಲ್ಲ, ಮೇಲಿನ ಸಂದಿಯ ಹೊರೆಯನ್ನು ಅದು ಹಂಚಿಕೊಳ್ಳುತ್ತದೆ.

ಹಿಂಗಾಲು ಕೊಯ್ಯುವ ಮೊದಲು ಹಲಗೆಯ ಎಳೆ ನೋಡಿ. ಎಳೆ ಕಾಲಿನ ಉದ್ದಕ್ಕೇ ಓಡಬೇಕು. ಬಾಗಿನ ಜಾಗದಲ್ಲಿ ಎಳೆ ಅಡ್ಡಕ್ಕೆ ಹೊರಬಿದ್ದರೆ ಕಾಲು ಸೀಟಿನ ಸ್ವಲ್ಪ ಮೇಲೆ ಬಾಳೆದಿಂಡಿನಂತೆ ಮುರಿಯುತ್ತದೆ.

ನೆಲದ ಮೇಲೆ ನಕ್ಷೆ

ಸೀಟು ಮುಂದೆ 18, ಹಿಂದೆ 16 ಇಂಚು ಅಗಲ, ಆಳ 16 ಇಂಚು. ಇದನ್ನು ಪ್ಲೈವುಡ್ ಮೇಲೆ ನಿಜ ಅಳತೆಯಲ್ಲೇ ಬರೆಯಿರಿ. ಬದಿಪಟ್ಟಿಯ ಓರೆ 16 ಇಂಚಿಗೆ 1 ಇಂಚು ಬರುತ್ತದೆ. ಆ ಕೋನವನ್ನು ಲೆಕ್ಕ ಹಾಕದೆ ನಕ್ಷೆಯಿಂದಲೇ ಬೆವೆಲ್‌ಗೆ (ಬೇಕಾದ ಕೋನಕ್ಕೆ ತಿರುಗಿಸಿ ಬಿಗಿಯುವ ಮಟ್ಟಗೋಲು) ಹಿಡಿಯಿರಿ. ಓರೆಯನ್ನು ಪಟ್ಟಿಯ ತುದಿಯ ನಾಲಿಗೆಗೆ, ಅಂದರೆ ಕಾಲಿನ ತೂತಿನೊಳಗೆ ಕೂರುವಂತೆ ತೆಳುವಾಗಿ ಕೆತ್ತಿದ ಭಾಗಕ್ಕೆ ಕೊಡಿ, ಕಾಲಿನ ತೂತು ಮಾತ್ರ ನೇರವಾಗಿರಲಿ. ಓರೆ ಹೆಚ್ಚಾದಷ್ಟೂ ನಾಲಿಗೆಯ ಬುಡದಲ್ಲಿ ಎಳೆ ಕಡಿದುಹೋಗುತ್ತದೆ. ಹಾಗಾಗಿ ಮುಂದು ಹಿಂದಿನ ಅಗಲದ ಅಂತರ 2 ಇಂಚು ಮೀರದಿರುವುದೇ ಕ್ಷೇಮ.

ತೂತು, ನಾಲಿಗೆ

ಮೊದಲು ತೂತು, ಆಮೇಲೆ ನಾಲಿಗೆ. ನಾಲಿಗೆಯನ್ನು ತೆಳುವಾಗಿಸಿ ತೂತಿಗೆ ಹೊಂದಿಸಬಹುದು. ಹಿಗ್ಗಿದ ತೂತನ್ನು ಮತ್ತೆ ಕಿರಿದು ಮಾಡಲಾಗದು. ತೂತಿನ ಅಗಲ ನಿಮ್ಮ 3/8 ಇಂಚಿನ ಉಳಿಯಷ್ಟೇ. ಇದು ಪಟ್ಟಿಯ ದಪ್ಪದ ಸುಮಾರು ಮೂರರಲ್ಲಿ ಒಂದು ಪಾಲು. ಬೈರಿಗೆಯಿಂದ ಸಾಲಾಗಿ ಕೊರೆದು, ನಡುವಿನಿಂದ ಎರಡೂ ತುದಿಗೆ ಉಳಿಯಲ್ಲಿ ಕಡಿಯಿರಿ. ಒಂದು ಪೆಟ್ಟಿಗೆ 1/8 ಇಂಚಿಗಿಂತ ಹೆಚ್ಚು ಇಳಿಸಲು ಹೋಗಬೇಡಿ. ಆಳ 1⅛ ಇಂಚು, ನಾಲಿಗೆಯ ಉದ್ದ 1 ಇಂಚು. ಉಳಿದ ಜಾಗ ಅಂಟಿಗೆ. ಮುಂಗಾಲಿನೊಳಗೆ ಎರಡು ತೂತುಗಳು ಸಂಧಿಸುವಲ್ಲಿ ನಾಲಿಗೆಗಳ ತುದಿಯನ್ನು 45 ಡಿಗ್ರಿ ಓರೆಗೆ ಕೊಯ್ಯಿರಿ, ಇಲ್ಲದಿದ್ದರೆ ಒಂದನ್ನೊಂದು ತಡೆಯುತ್ತವೆ. ಕಾಲಿನ ಮೇಲ್ತುದಿಯಲ್ಲಿ 1 ಇಂಚು ಹೆಚ್ಚುವರಿ ಇರಲಿ. ಕಡಿಯುವಾಗ ತುದಿ ಸೀಳದಂತೆ ಅದು ಕಾಯುತ್ತದೆ, ಕೊನೆಗೆ ಕೊಯ್ದರಾಯಿತು.

ನಾಲಿಗೆ ಕೈಯಿಂದ ಒತ್ತಿದರೆ ಅರ್ಧ ಹೋಗಿ, ಕೊಡತಿಯ ಮೆಲ್ಲನೆಯ ಏಟಿಗೆ ಪೂರ್ತಿ ಕೂರಬೇಕು. ಜೋರಾಗಿ ಬಡಿಯಬೇಕಾಗಿ ಬಂದರೆ ನಿಲ್ಲಿಸಿ. ಅಷ್ಟು ಬಿಗಿ ಕಾಲನ್ನು ಸೀಳುತ್ತದೆ.

ಬಿದಿರಿನ ಮೊಳೆಗೆ ¼ ಇಂಚಿನ ತೂತನ್ನು ಮೊದಲು ಕಾಲಿಗೆ ಕೊರೆಯಿರಿ. ನಾಲಿಗೆ ಕೂರಿಸಿ ಗುರುತು ಮಾಡಿ ಹೊರತೆಗೆಯಿರಿ. ನಾಲಿಗೆಯ ತೂತನ್ನು ಗುರುತಿಗಿಂತ 1/16 ಇಂಚು ಬುಡದ ಕಡೆಗೆ ಸರಿಸಿ ಕೊರೆಯಿರಿ. ತುದಿ ಚೂಪಾದ ಮೊಳೆ ಹೊಡೆದಾಗ ಪಟ್ಟಿ ತಾನಾಗಿ ಕಾಲಿಗೆ ಎಳೆದುಕೊಳ್ಳುತ್ತದೆ. ಮುಂದೆ ಅಂಟು ಸೋತರೂ ಸಂದಿ ಬಿಡುವುದಿಲ್ಲ.

ಜೋಡಣೆ

ಅಂಟಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ ನೋಡಿ. ಬಳಿಕ ಹಿಂದಿನ ಚೌಕಟ್ಟು, ಮುಂದಿನ ಚೌಕಟ್ಟು ಬೇರೆಬೇರೆಯಾಗಿ ಅಂಟಿಸಿ ಒಣಗಲು ಬಿಡಿ. ಮರುದಿನ ಬದಿಪಟ್ಟಿಗಳಿಂದ ಎರಡನ್ನೂ ಕೂಡಿಸಿ. ಸೀಟಿನ ಮೂಲೆಯಿಂದ ಮೂಲೆಗೆ ಕಡ್ಡಿ ಹಿಡಿದು ಅಳೆಯಿರಿ. ಮುಂದು ಅಗಲ, ಹಿಂದು ಕಿರಿದಾದರೂ ಎರಡೂ ಕರ್ಣ ಸಮ ಇರಲೇಬೇಕು. ವ್ಯತ್ಯಾಸವಿದ್ದರೆ ಅಂಟು ಹಸಿಯಿರುವಾಗಲೇ ಉದ್ದದ ಕರ್ಣದ ದಿಕ್ಕಿನಲ್ಲಿ ಒತ್ತಿ ಸರಿಪಡಿಸಿ.

ಸೀಟಿಗೆ ಒಂದೇ ಅಗಲ ಹಲಗೆ ಬೇಡ. ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಸೀಳುತ್ತದೆ. 3 ಇಂಚು ಅಗಲ, ¾ ಇಂಚು ದಪ್ಪದ ಐದು ಹಲಗೆಗಳನ್ನು 1/8 ಇಂಚು ಸಂದು ಬಿಟ್ಟು ಬದಿಪಟ್ಟಿಗಳಿಗೆ ಸ್ಕ್ರೂ ಮಾಡಿ. ಹಿಂದಿನ ಹಲಗೆಗೆ ಕಾಲುಗಳ ಜಾಗದಲ್ಲಿ ಕಚ್ಚು ಕೊಡಿ.

ಕುರ್ಚಿ ಕುಂಟಿದರೆ ಉದ್ದ ಕಂಡ ಕಾಲನ್ನು ಅಂದಾಜಿಗೆ ಕೊಯ್ಯಬೇಡಿ. ಒಂದಾದ ಮೇಲೊಂದು ಕೊಯ್ಯುತ್ತ ಕುರ್ಚಿ ಮಣೆಯಾಗುತ್ತದೆ. ಸಮತಟ್ಟಾದ ಜಾಗದಲ್ಲಿಟ್ಟು, ಕಾಲುಗಳಡಿ ಚಕ್ಕೆ ಕೊಟ್ಟು ಸೀಟು ಹಿಂದಕ್ಕೆ ½ ಇಂಚು ಇಳಿಜಾರು ಬರುವಂತೆ ನಿಲ್ಲಿಸಿ. ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ ನಾಲ್ಕೂ ಕಾಲಿನ ಸುತ್ತ ಗೆರೆ ಎಳೆದು, ಆ ಗೆರೆಗೆ ಕೊಯ್ಯಿರಿ. ಕಾಲಿನ ತಳದ ಅಂಚನ್ನು ಉಳಿಯಿಂದ ಸ್ವಲ್ಪ ಮುರಿದುಬಿಡಿ. ಎಳೆದಾಡುವಾಗ ಸಿಬಿರು ಏಳುವುದಿಲ್ಲ.

ಕೊನೆಗೆ ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಸಲ ಉಜ್ಜಿ, ಪ್ರತಿ ಸಲವೂ ಪೂರ್ತಿ ಒಣಗಲು ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಿ.